ಚಿಪ್ಪೆವಾ ನದಿಯಲ್ಲಿ ಪಟ್ಟೆ ಇಲ್ಲದ ತಾಮ್ರಬಣ್ಣದ ಮಸ್ಕಿ: ತಳಿಯೋ, ನೀರೋ, ಕಾಯಿಲೆಯೋ?

ತೊರೆದಂಡೆ (#1)
ವಿಸ್ಕಾನ್ಸಿನ್‌ನ ಚಿಪ್ಪೆವಾ ನದಿ, ಓ ಕ್ಲೇರ್ ಊರಿನಿಂದ ಕೆಳಗೆ. ಅಕ್ಟೋಬರ್ ಎರಡನೇ ವಾರ, ನೀರು 54 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 12 ಸೆಲ್ಸಿಯಸ್), ಬಣ್ಣ ಹಾಲು ಹಾಕದ ಚಹಾದಂತೆ. ಮೀನು 41 ಇಂಚಿನ ಮಸ್ಕಿ (ಮಸ್ಕೆಲಂಜ್, ಉತ್ತರ ಅಮೆರಿಕದ ಸಿಹಿನೀರಿನ ದೊಡ್ಡ ಬೇಟೆಮೀನು). ಕಿವಿರಿನಿಂದ ಬೆನ್ನಿನ ರೆಕ್ಕೆಯವರೆಗೆ ಒಂದೂ ಪಟ್ಟೆ ಇಲ್ಲ, ಬಾಲದ ಹತ್ತಿರ ಮಾತ್ರ ಮಸುಕಾಗಿ ನಾಲ್ಕೈದು. ಮೈಯೆಲ್ಲ ತಾಮ್ರದ ಚೊಂಬಿನ ಬಣ್ಣ. ಬಾಲ ಮತ್ತು ಕೆಳಗಿನ ರೆಕ್ಕೆಗಳು ಇಟ್ಟಿಗೆ ಕೆಂಪು. ಎಡಮೈಯಲ್ಲಿ ಅಂಗೈಯಗಲ ಕಪ್ಪು ಮಚ್ಚೆ. ಅಳತೆ ಹಲಗೆಯ ಮೇಲಿಟ್ಟು ತೆಗೆದ ಒಂದು ಫೋಟೋ, ಬಲೆಯಲ್ಲಿದ್ದಾಗ ತೆಗೆದ ಎರಡು ಫೋಟೋ ಹಾಕಿದ್ದೇನೆ. ಟೈಗರ್ ಮಸ್ಕಿ (ಮಸ್ಕಿಗೂ ಅದರ ಬಂಧು ಪೈಕ್ ಮೀನಿಗೂ ಹುಟ್ಟಿದ ಮಿಶ್ರಸಂತಾನ) ಎಂದು ಒಬ್ಬರು, ಬೇರೆ ತಳಿ ಎಂದು ಇನ್ನೊಬ್ಬರು, ಕಾಯಿಲೆ ಮೀನು ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ರಂಧ್ರಲೆಕ್ಕ (#2)
ಬಣ್ಣದ ಮಾತು ಆಮೇಲೆ. ಮೊದಲು ಮೀನು ಯಾವುದೆಂದು ಗಟ್ಟಿಯಾಗಲಿ. ಬಣ್ಣ ಬದಲಾದರೂ ಬದಲಾಗದ ಗುರುತುಗಳು ಮೂರಿವೆ.

ಕೆಳದವಡೆಯ ಅಡಿಭಾಗದಲ್ಲಿ ಗುಂಡುಸೂಜಿಯಿಂದ ಚುಚ್ಚಿದಂಥ ರಂಧ್ರಗಳ ಸಾಲಿರುತ್ತದೆ. ಒಂದು ಬದಿಯಲ್ಲಿ 6ರಿಂದ 9 ಇದ್ದರೆ ಮಸ್ಕಿ. ನಾರ್ದರ್ನ್ ಪೈಕ್‌ನಲ್ಲಿ ಸಾಮಾನ್ಯವಾಗಿ 5, ಅಪರೂಪಕ್ಕೆ ಒಂದು ಬದಿಯಲ್ಲಿ 6. ಎರಡೂ ಬದಿ ಎಣಿಸಿ, ಒಂದೇ ಬದಿ ನೋಡಿ ತೀರ್ಪು ಕೊಟ್ಟು ಸೋತವರು ಬಹಳ. ಟೈಗರ್‌ನ ಸಂಖ್ಯೆ ಈ ಎರಡರ ನಡುವೆ ಬಂದು ಎರಡೂ ಕಡೆ ಚಾಚಿಕೊಳ್ಳುತ್ತದೆ. ಆದ್ದರಿಂದ 6 ಅಥವಾ 7 ಬಂದರೆ ರಂಧ್ರದಿಂದಲೇ ಟೈಗರನ್ನು ತಳ್ಳಿಹಾಕಲಾಗದು.

ಎರಡನೆಯದು ಕೆನ್ನೆಯ ಹುರುಪೆ. ಮಸ್ಕಿಗೆ ಕೆನ್ನೆಯ ಮೇಲರ್ಧದಲ್ಲಿ ಮಾತ್ರ ಹುರುಪೆ, ಕೆಳಗರ್ಧ ನುಣುಪು. ಪೈಕ್‌ಗೆ ಕೆನ್ನೆ ಪೂರ್ತಿ ಹುರುಪೆ. ಕಿವಿರು ಮುಚ್ಚಳದಲ್ಲಿ ಇಬ್ಬರಿಗೂ ಮೇಲರ್ಧ ಮಾತ್ರ, ಹಾಗಾಗಿ ಅದನ್ನು ನೋಡಿ ಪ್ರಯೋಜನವಿಲ್ಲ.

ಮೂರನೆಯದು ಬಾಲದ ತುದಿ. ಮಸ್ಕಿಯದು ಚೂಪು, ಪೈಕ್ ಮತ್ತು ಟೈಗರ್‌ದು ದುಂಡು. ಕಲ್ಲಿಗೆ ಸವೆದ ಬಾಲವಾದರೆ ಇದನ್ನು ನಂಬಬೇಡಿ.

ನಿಮ್ಮ ಫೋಟೋದಲ್ಲಿ ಬಾಲ ಚೂಪಾಗಿದೆ. ದವಡೆಯ ಅಡಿ ಕಾಣುವ ಫೋಟೋ ಇದೆಯೇ?

ಧಾರವಾಡ_ಗಾಳ (#3)
ಟೈಗರ್ ಅಂತ ಹೇಳಿದವ್ರು ಉಲ್ಟಾ ಹೇಳ್ಯಾರ ನೋಡ್ರಿ. ಟೈಗರ್‌ನಾಗ ಪಟ್ಟಿ ಕಡಿಮಿ ಆಗೂದಿಲ್ಲ, ಎದ್ದು ಕಾಣ್ತಾವ. ತಿಳಿ ಮೈಮ್ಯಾಲೆ ಕಪ್ಪು ಪಟ್ಟಿ, ಹರಕು ಮುರುಕು ಅಂಚು, ನಡುವ ಬಲಿ ಹೆಣದಂಗ. ಪಟ್ಟಿನ ಇಲ್ಲದ ಮೀನ ಟೈಗರ್ ಅಂದ್ರ ಹ್ಯಾಂಗ್ರಿ?

ಪೈಕ್‌ದು ಕಪ್ಪು ಮೈ, ಮ್ಯಾಲೆ ತಿಳಿ ಚುಕ್ಕಿ. ಮಸ್ಕಿದು ತಿಳಿ ಮೈ, ಮ್ಯಾಲೆ ಕಪ್ಪು ಗುರ್ತು. ಇಷ್ಟು ತಲ್ಯಾಗ ಇಟ್ಕೊಂಡ್ರ ನದಿ ದಂಡಿಮ್ಯಾಲೆ ಅರ್ಧ ಜಗಳ ಮುಗೀತಾವ.

ರಂಧ್ರಲೆಕ್ಕ (#4)
ಧಾರವಾಡದವರ ಮಾತು ಸರಿ. ಒಂದು ಸೇರಿಸುತ್ತೇನೆ. ಟೈಗರ್ ಎಂದರೆ ಮಸ್ಕಿ ಮತ್ತು ಪೈಕ್‌ನ ಮಿಶ್ರಸಂತಾನ. ಮರಿಕೇಂದ್ರಗಳಲ್ಲಿ ಮಾಡುವಾಗ ಸಾಮಾನ್ಯವಾಗಿ ಹೆಣ್ಣು ಮಸ್ಕಿಯ ಮೊಟ್ಟೆಗೆ ಗಂಡು ಪೈಕ್‌ನ ವೀರ್ಯ ಬೆರೆಸುತ್ತಾರೆ. ಹೊಳೆಯಲ್ಲಿ ತಾನಾಗಿಯೂ ಆಗುತ್ತದೆ, ಆದರೆ ಕಡಿಮೆ. ಪೈಕ್ ಮಂಜು ಕರಗಿದ ಕೂಡಲೇ, ನೀರು 40ರ ಆಸುಪಾಸಿನಲ್ಲಿರುವಾಗಲೇ ಮೊಟ್ಟೆಯಿಡುತ್ತದೆ. ಮಸ್ಕಿ ಕಾಯುವುದು 49ರಿಂದ 59 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ. ವಸಂತ ತಡವಾಗಿ ಬಂದು ನೀರು ಒಮ್ಮೆಲೇ ಕಾದರೆ ಎರಡರ ಸಮಯ ಕೂಡಿಕೊಳ್ಳುತ್ತದೆ.

ಪಟ್ಟೆಯಾಗಲಿ ಚುಕ್ಕೆಯಾಗಲಿ ಇಲ್ಲದ ಬೆಳ್ಳಿ ಮೀನು ಸಿಕ್ಕರೆ ಅದು ಸಿಲ್ವರ್ ಪೈಕ್ ಇರಬಹುದು. ಅದು ಪೈಕ್‌ನದೇ ಒಂದು ಬಣ್ಣಭೇದ, ಬೇರೆ ಜಾತಿಯಲ್ಲ. ಮೊದಲು ಮಿನ್ನೆಸೋಟದಲ್ಲಿ ಕಂಡಾಗ ಅದನ್ನೂ ಮಸ್ಕಿ ಎಂದೇ ಭಾವಿಸಿದ್ದರು. ರಂಧ್ರ ಎಣಿಸಿದರೆ ಗೊಂದಲ ಉಳಿಯುವುದಿಲ್ಲ.

ಸೇಂಟ್‌ಲಾರೆನ್ಸ್_ದಡ (#5)
ಬೇರೆ ತಳಿ ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಹಳೆಯದು. ಮೊದಲು ಮಸ್ಕಿಯನ್ನು ಮೂರು ಉಪಜಾತಿಯಾಗಿ ಒಡೆದಿದ್ದರು: ದೊಡ್ಡ ಸರೋವರಗಳ (ಗ್ರೇಟ್ ಲೇಕ್ಸ್) ಚುಕ್ಕೆಯದು, ಓಹಾಯೊ ಕಡೆಯ ಪಟ್ಟೆಯದು, ವಿಸ್ಕಾನ್ಸಿನ್ ಮತ್ತು ಮಿನ್ನೆಸೋಟದ ಮೈ ಖಾಲಿಯದು. ಆ ಮೂರನೆಯದರ ಲ್ಯಾಟಿನ್ ಹೆಸರು ಇಮ್ಯಾಕ್ಯುಲೇಟಸ್, ಅಂದರೆ ಕಲೆಯಿಲ್ಲದ್ದು. ನಿಮ್ಮ ಮೀನಿಗೆ ಒಪ್ಪುವ ಹೆಸರೇನೋ ಹೌದು. ಈಗ ಈ ವಿಂಗಡಣೆಯನ್ನು ಹೆಚ್ಚಿನವರು ಒಪ್ಪುವುದಿಲ್ಲ. ಒಂದೇ ಹೊಳೆಯಲ್ಲಿ ಚುಕ್ಕೆ, ಪಟ್ಟೆ, ಖಾಲಿ ಮೂರೂ ಸಿಗುತ್ತವೆ. ಆದರೂ ಜಲಾನಯನಕ್ಕೆ ತಕ್ಕಂತೆ ವಂಶವಾಹಿ ಗುಂಪುಗಳಿವೆ. ಅದನ್ನು ಹೇಳಬೇಕಾದ್ದು ರೆಕ್ಕೆಯ ಚೂರಿನ ಡಿಎನ್‌ಎ, ಕಣ್ಣಂದಾಜಲ್ಲ.

ಮರಿ ಬಿಟ್ಟ ಇತಿಹಾಸವೂ ಲೆಕ್ಕ ಕೆಡಿಸುತ್ತದೆ. ಮಿನ್ನೆಸೋಟದಲ್ಲಿ ನಿಧಾನ ಬೆಳೆಯುವ ಶೂಪ್ಯಾಕ್ ತಳಿಯ ಬದಲು 1980ರ ದಶಕದಿಂದ ಲೀಚ್ ಲೇಕ್ ತಳಿಯನ್ನು ಬಿಡತೊಡಗಿದರು. ವಿಸ್ಕಾನ್ಸಿನ್‌ನ ಗ್ರೀನ್ ಬೇ ಎಂಬ ಕೊಲ್ಲಿಗೆ 1989ರಿಂದ ದೊಡ್ಡ ಸರೋವರಗಳ ಚುಕ್ಕೆ ಮಸ್ಕಿ ಬಂತು. ಮೀನಿಗೆ ಗಡಿ ಕಲ್ಲು ಗೊತ್ತಿಲ್ಲ, ಅಣೆಕಟ್ಟಿನ ಮೇಲಿಂದ ಕೆಳಕ್ಕೆ ಇಳಿದುಬಿಡುತ್ತದೆ.

ಒಂದು ಕೇಳಬೇಕು: ಹೊಟ್ಟೆಯ ಜೋಡಿ ರೆಕ್ಕೆಗಳು ಎರಡೂ ಸಮ ಇದ್ದವೇ? ಮರಿಕೇಂದ್ರದ ಮೀನಿಗೆ ಗುರುತಿಗಾಗಿ ಒಂದು ರೆಕ್ಕೆ ಕತ್ತರಿಸಿ ಬಿಡುವುದುಂಟು. ಮತ್ತೆ ಬೆಳೆದರೂ ಗಿಡ್ಡವಾಗಿ, ಕಡ್ಡಿಗಳು ಸೊಟ್ಟಗಾಗಿ ಬೆಳೆಯುತ್ತದೆ.

ಚಹಾನೀರು (#6)
ಪಟ್ಟೆ ಇದೆಯೋ ಇಲ್ಲವೋ ಎನ್ನುವುದು ಹುಟ್ಟಿನಿಂದ ಬಂದದ್ದು. ಅದು ಕಡುವಾಗಿ ಕಾಣುತ್ತದೋ ಮಸುಕಾಗಿಯೋ ಎನ್ನುವುದು ನೀರು ಮತ್ತು ಮೀನಿನ ಮನಸ್ಥಿತಿ. ಇವೆರಡನ್ನು ಬೆರೆಸಿ ಮಾತಾಡಿದಾಗಲೇ ಗೊಂದಲ.

ಮೀನಿನ ಚರ್ಮದಲ್ಲಿ ಕಪ್ಪು ಕಣ ಇರುವ ಜೀವಕೋಶ, ಹಳದಿ ಇರುವ ಜೀವಕೋಶ, ಗ್ವಾನಿನ್ ಹರಳಿನಿಂದ ಕನ್ನಡಿಯಂತೆ ಬೆಳಕು ಹಿಂದಕ್ಕೆಸೆಯುವ ಜೀವಕೋಶ ಪದರವಾಗಿ ಕೂತಿರುತ್ತವೆ. ಕಪ್ಪು ಕಣಗಳು ಕೋಶದ ನಡುವೆ ಮುದ್ದೆಯಾದರೆ ಮೈ ತಿಳಿಯಾಗುತ್ತದೆ, ಅಂಚಿನವರೆಗೆ ಹರಡಿದರೆ ಕಡುವಾಗುತ್ತದೆ. ನರ ಮತ್ತು ಹಾರ್ಮೋನು ನಡೆಸುವ ಈ ಬದಲಾವಣೆಗೆ ಕೆಲವು ನಿಮಿಷದಿಂದ ಕೆಲವು ಗಂಟೆ ಸಾಕು. ಕಪ್ಪು ತಳದ ಮೇಲೆ ವಾರಗಟ್ಟಲೆ ಇದ್ದರೆ ಕೋಶಗಳ ಸಂಖ್ಯೆಯೇ ಏರುತ್ತದೆ. ಆ ಬಣ್ಣ ಬೇಗ ಬಿಡುವುದಿಲ್ಲ.

ಚಿಪ್ಪೆವಾ, ಫ್ಲ್ಯಾಂಬೋ ಇವೆಲ್ಲ ಜೌಗು ಕಾಡಿನ ಎಲೆ, ತೊಗಟೆಯ ಟ್ಯಾನಿನ್ ಇಳಿದು ಬರುವ ಹೊಳೆಗಳು. ಅಂಥ ನೀರು ನೀಲಿ ಬೆಳಕನ್ನು ನುಂಗಿ ಕೆಂಪು, ಹಳದಿಯನ್ನು ಉಳಿಸುತ್ತದೆ. ಅಲ್ಲಿನ ಮೀನು ಕಂದು, ಕಂಚು, ಹಳೆಚಿನ್ನದ ಕಡೆ ವಾಲುವುದು ಸಹಜ. ಸೇಂಟ್ ಲಾರೆನ್ಸ್ ನದಿಯ ತಿಳಿನೀರಿನ ಮಸ್ಕಿ ಬೆಳ್ಳಿ ಹಸಿರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮ ಎಂದು ಯಾರೂ ಹೇಳಲಾರರು.

ಹೊಳೆಯೊಳಗೇ ಜಾಗ ಬದಲಾದರೂ ಬಣ್ಣ ಬದಲಾಗುತ್ತದೆ. ಮುಳುಗಿದ ಮರದ ದಿಮ್ಮಿಯಡಿ ಕೂತದ್ದು ಕಡು, ಮರಳು ದಿಬ್ಬದ ಅಂಚಿನಲ್ಲಿ ಸುಳಿಯುವುದು ತಿಳಿ. ಫೋಟೋ ಹಾಕುವವರು ತಳ ಯಾವುದು, ಆಳ ಎಷ್ಟು ಎಂದು ಬರೆಯುವುದೇ ಇಲ್ಲ. ಬಣ್ಣದ ಪ್ರಶ್ನೆಗೆ ಮೀನಿನ ತೂಕಕ್ಕಿಂತ ಅದು ಮುಖ್ಯ.

ತೊರೆದಂಡೆ (#7)
ತಳ ಕಪ್ಪು ಬಂಡೆ ಮತ್ತು ದಿಮ್ಮಿ, ಆಳ 7 ಅಡಿ. ಆದರೆ ಎಡಮೈಯ ಮಚ್ಚೆ? ನೀರಿನಿಂದ ಆಗಿದ್ದರೆ ಎರಡೂ ಬದಿ ಆಗಬೇಕಲ್ಲ? ಕೆಂಪು ರೆಕ್ಕೆಯೂ ಹೆದರಿಸುತ್ತಿದೆ.

ಮೀನುವೈದ್ಯೆ (#8)
ಮಚ್ಚೆಯಿಂದ ಶುರುಮಾಡೋಣ. ಒಂದೇ ಬದಿ ಕಪ್ಪಾಗಲು ಕಾರಣ ಬೇರೆ ಬೇರೆ. ಅಂಚು ನೋಡಿ ಅರ್ಧ ಹೇಳಬಹುದು.

ಅಂಚು ಗೆರೆ ಎಳೆದಂತಿದ್ದು, ಒಳಗೆ ಹುರುಪೆ ಸರಿಯಾಗಿಯೇ ಇದ್ದು, ಬಣ್ಣ ಮಾತ್ರ ಕಡುವಾಗಿದ್ದರೆ ಆ ಭಾಗದ ನರಕ್ಕೆ ಪೆಟ್ಟಾಗಿರಬಹುದು. ಕಪ್ಪು ಕಣಗಳನ್ನು ಮುದ್ದೆಯಾಗಿ ಹಿಡಿದಿಡುವುದು ನರದ ಸಂದೇಶ. ಅದು ತಪ್ಪಿದರೆ ಕಣ ಹರಡಿ ಆ ಜಾಗ ಕಪ್ಪಾಗುತ್ತದೆ. ಜೇನ್ನೊಣದ ನೃತ್ಯ ಬಿಡಿಸಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅದಕ್ಕೂ ಮೊದಲು, 1911ರ ಹೊತ್ತಿಗೆ, ಮಿನ್ನೊ ಎಂಬ ಪುಟ್ಟ ಮೀನಿನ ನರ ಕತ್ತರಿಸಿ ಇದನ್ನೇ ತೋರಿಸಿದ್ದರು.

ಅಂಚು ಹರಿದಂತಿದ್ದು, ಹುರುಪೆ ಅಡ್ಡಾದಿಡ್ಡಿ ಬೆಳೆದಿದ್ದರೆ ಅದು ವಾಸಿಯಾದ ಹಳೆಯ ಗಾಯ. ಇನ್ನೊಂದು ಮಸ್ಕಿ ಕಚ್ಚಿದ್ದು, ಕೊಕ್ಕರೆ ಚುಚ್ಚಿದ್ದು, ಗಾಳದ್ದು, ಏನೂ ಇರಬಹುದು. ಗಾಯ ಮಾಗಿದ ಮೇಲೆ ಕಪ್ಪು ಕೋಶ ಅಲ್ಲಿ ಹೆಚ್ಚಾಗಿ ಕೂಡುತ್ತದೆ, ಕೆಲವೊಮ್ಮೆ ಉಲ್ಟಾ ಆಗಿ ಬಿಳಿಯಾಗಿ ಉಳಿಯುತ್ತದೆ.

ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಉಬ್ಬಿದ ಕಪ್ಪು ಕಾಳುಗಳಾದರೆ ಅದು ಬ್ಲ್ಯಾಕ್ ಸ್ಪಾಟ್, ಚಪ್ಪಟೆ ಹುಳುವಿನ ಮರಿ ಚರ್ಮದಲ್ಲಿ ಗೂಡು ಕಟ್ಟಿದ್ದು. ಬಸವನಹುಳುವಿನಿಂದ ಮೀನಿಗೆ, ಮೀನಿನಿಂದ ಮಿಂಚುಳ್ಳಿಗೆ ಅದರ ಪಯಣ. ಮೀನಿಗೆ ಹೆಚ್ಚಿನ ತೊಂದರೆಯಿಲ್ಲ.

ಮೈ ಪೂರ್ತಿ ಕಪ್ಪಾಗಿದ್ದರೆ ಕಣ್ಣು ನೋಡಿ. ಮೀನು ತಳದ ಬಣ್ಣಕ್ಕೆ ಹೊಂದಿಕೊಳ್ಳುವುದು ಕಣ್ಣಿನ ಮೂಲಕ. ಎರಡೂ ಕಣ್ಣು ಹೋದ ಮೀನು ಬಿಳಿ ಮರಳಿನ ಮೇಲಿದ್ದರೂ ಕಪ್ಪಾಗಿಯೇ ಇರುತ್ತದೆ.

ಸ್ಮಾಲ್‌ಮೌತ್ ಬಾಸ್ ಎಂಬ ಬೇರೆ ಮೀನಿನಲ್ಲಿ ಮಸಿ ಚೆಲ್ಲಿದಂಥ ಮಚ್ಚೆ ಬರುವುದಕ್ಕೆ ಅಡೋಮಾವೈರಸ್‌ನ ನಂಟು ಸಿಕ್ಕಿದೆ. ಅದನ್ನು ಓದಿದವರು ಮಸ್ಕಿಯ ಪ್ರತಿ ಮಚ್ಚೆಗೂ ಅದನ್ನೇ ಅಂಟಿಸುತ್ತಾರೆ. ಹಾಗೆ ಮಾಡಬೇಡಿ, ಅದು ಬಾಸ್‌ನ ವಿಷಯ.

ಮೀನುವೈದ್ಯೆ (#9)
ಈಗ ಕೆಂಪು. ರೆಕ್ಕೆಯ ಪೊರೆಯೇ ಇಟ್ಟಿಗೆ ಬಣ್ಣವಿದ್ದರೆ ಸಹಜ ಬಣ್ಣ, ಬಹಳ ಹೊಳೆ ಮಸ್ಕಿಗಳಿಗೆ ಕೆಂಪು ಬಾಲ ಇರುತ್ತದೆ. ಕೆಂಪು ಕವಲೊಡೆದ ಗೆರೆಗಳಾಗಿ ಕಂಡರೆ ಅದು ರಕ್ತನಾಳ. ಹೋರಾಡಿ ಸುಸ್ತಾದಾಗ, ಬಲೆಯ ಗಂಟಿಗೆ ಉಜ್ಜಿದಾಗ ನಾಳ ತುಂಬಿಕೊಳ್ಳುತ್ತದೆ. ಹಿಡಿದ ಕ್ಷಣದ ಫೋಟೋ ಮತ್ತು ಬಿಡುವ ಮುಂಚಿನ ಫೋಟೋ ಹೋಲಿಸಿ. ಎರಡನೆಯದರಲ್ಲಿ ಹೆಚ್ಚಾಗಿದ್ದರೆ ಅದು ನಿಮ್ಮಿಂದಲೇ ಆದದ್ದು.

ಹೆದರಬೇಕಾದ ಕೆಂಪು ಬೇರೆ. ಚರ್ಮದಿಂದ ಎದ್ದ ಗುಲಾಬಿ ಅಥವಾ ನೇರಳೆಗೆಂಪು ಗಂಟು, ಒಡೆದು ಹುಣ್ಣಾಗಿದ್ದರೆ ಲಿಂಫೋಸಾರ್ಕೋಮಾ ಇರಬಹುದು. ಪೈಕ್, ಮಸ್ಕಿ ಎರಡಕ್ಕೂ ಬರುವ ಗಡ್ಡೆ ರೋಗ ಅದು. ಮೊಟ್ಟೆಯಿಡುವಾಗ ಮೈಗೆ ಮೈ ತಾಗಿ ಹರಡುತ್ತದೆ, ತಣ್ಣೀರಿನಲ್ಲಿ ಬೆಳೆದು ಬೇಸಿಗೆಯಲ್ಲಿ ಇಳಿಯುವುದುಂಟು. ಮೈತುಂಬ ಕೆಂಪು ಚುಕ್ಕೆ, ಕಣ್ಣಲ್ಲಿ ರಕ್ತ, ಮೇಲ್ಮೈಯಲ್ಲಿ ತೂಗಾಡುವ ಈಜು, ಇವೆಲ್ಲ ಒಟ್ಟಿಗೆ ಕಂಡರೆ ವಿಎಚ್‌ಎಸ್ ಎಂಬ, ಮೀನಿಗೆ ರಕ್ತಸ್ರಾವ ತರುವ ವೈರಸ್ ನೆನಪಿರಲಿ. 2003ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಹಿಡಿದಿದ್ದ ಮಸ್ಕಿಯಲ್ಲಿ ಅದು ಆಮೇಲೆ ಪತ್ತೆಯಾಯಿತು. 2005ರ ವಸಂತದಲ್ಲಿ ಸೇಂಟ್ ಲಾರೆನ್ಸ್‌ನಲ್ಲಿ ದೊಡ್ಡ ದೊಡ್ಡ ಮಸ್ಕಿಗಳೇ ಸತ್ತು ತೇಲಿದವು. ಅದೇ ಸೇಂಟ್ ಕ್ಲೇರ್‌ನಲ್ಲಿ ಮಸ್ಕಿ ಪಾಕ್ಸ್ ಎಂದು ಕರೆಯುವ ಕೆಂಪು ದದ್ದೂ ಇದೆ. ಅದಕ್ಕೆ ಕಾರಣ ಬ್ಯಾಕ್ಟೀರಿಯಾ.

ನಿಮ್ಮ ಫೋಟೋದಲ್ಲಿ ಗಂಟಾಗಲಿ ಹುಣ್ಣಾಗಲಿ ಕಾಣುವುದಿಲ್ಲ. ಮಚ್ಚೆಯ ಒಳಗೆ ಹುರುಪೆ ಸಾಲು ತಪ್ಪಿದೆ. ನನ್ನ ಅಂದಾಜು ಹಳೆಯ ಗಾಯ.

ಸೇಂಟ್‌ಲಾರೆನ್ಸ್_ದಡ (#10)
ನೀಲಿಯನ್ನು ಮರೆತಿರಿ. ವಸಂತದಲ್ಲಿ ಬೆನ್ನು, ರೆಕ್ಕೆಗಳ ಮೇಲೆ ನೀಲಿ ಬಿಳಿ ಚುಕ್ಕೆ ಕಂಡು ಹೊಸ ಬಣ್ಣದ ಮಸ್ಕಿ ಎಂದು ಸಂಭ್ರಮಿಸುತ್ತಾರೆ.

ಮೀನುವೈದ್ಯೆ (#11)
ಹೌದು, ಅದು ಬ್ಲೂ ಸ್ಪಾಟ್, ಹರ್ಪಿಸ್ ಜಾತಿಯ ವೈರಸ್. ತಣ್ಣೀರಿನಲ್ಲಿ ಬರುತ್ತದೆ, ನೀರು ಬೆಚ್ಚಗಾದಂತೆ ಮಾಯವಾಗುತ್ತದೆ. ಚುಕ್ಕೆ ಚಪ್ಪಟೆ, ಒರಟು. ಹತ್ತಿಯಂತೆ ಎಳೆ ಎದ್ದಿದ್ದರೆ ಅದಲ್ಲ, ಸ್ಯಾಪ್ರೊಲೆಗ್ನಿಯಾ ಬೂಷ್ಟು. ಯಾರೋ ಒಣ ಕೈಯಲ್ಲಿ ಹಿಡಿದು ಲೋಳೆ ಕಿತ್ತ ಜಾಗದಲ್ಲಿ ಕೈಬೆರಳಿನ ಆಕಾರದಲ್ಲೇ ಬೂಷ್ಟು ಬೆಳೆದಿರುವುದುಂಟು.

ಮೈಯೇ ನೀಲಿಯಾಗಿದ್ದರೆ ಹಳದಿ ವರ್ಣದ್ರವ್ಯದ ಕೊರತೆ ಇರಬಹುದು. ಮೀನಿನ ಹಸಿರು ಎಂದರೆ ಬಹುಪಾಲು ಹಳದಿಯ ಹಿಂದೆ ಕೂತ ನೀಲಿ ಹೊಳಪು. ಹಳದಿ ತೆಗೆದರೆ ನೀಲಿ ಉಳಿಯುತ್ತದೆ.

ಚಹಾನೀರು (#12)
ಇದೇ ನೀರುಗಳ ವಾಲೈ ಮೀನಿನ ನೀಲಿ ಮಾತ್ರ ಬೇರೆ ಕಥೆ, ಅದರಲ್ಲಿ ಬೆಂಗಳೂರಿನ ಪಾಲಿದೆ. ಉತ್ತರದ ಕೆಲವು ಸರೋವರಗಳ ವಾಲೈ ನೀಲಿಯಾಗಿರುವುದು ಚರ್ಮದಿಂದಲ್ಲ, ಲೋಳೆಯಿಂದ. ಲೋಳೆಯಲ್ಲಿ ಸ್ಯಾಂಡರ್‌ಸಯಾನಿನ್ ಎಂಬ ಪ್ರೋಟೀನು ಬಿಲಿವರ್ಡಿನ್ ಎಂಬ ಪಿತ್ತವರ್ಣವನ್ನು ಹಿಡಿದುಕೊಂಡು ನೀಲಿಯಾಗುತ್ತದೆ. ಅತಿನೇರಳೆ ಬೆಳಕು ಬಿಟ್ಟರೆ ಕೆಂಪಾಗಿ ಹೊಳೆಯುತ್ತದೆ. ಅದರ ರಚನೆ ಬಿಡಿಸಿದ್ದು ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಆವರಣದ ವಿಜ್ಞಾನಿಗಳು, ವಿಸ್ಕಾನ್ಸಿನ್‌ನವರ ಜೊತೆ ಸೇರಿ. 2016ರಲ್ಲಿ ಪ್ರಕಟವಾಯಿತು.

ಆದ್ದರಿಂದ ನೀಲಿ ಮೀನು ಸಿಕ್ಕರೆ ಒದ್ದೆ ಕೈಗವಸಿಗೆ, ಬಲೆಗೆ ಬಣ್ಣ ಹತ್ತಿದೆಯೇ ನೋಡಿ. ಹತ್ತಿದರೆ ಲೋಳೆಯದು. ಪರೀಕ್ಷೆಗೆಂದು ಬಟ್ಟೆ ಹಾಕಿ ಒರೆಸಬೇಡಿ, ಬೂಷ್ಟಿಗೆ ದಾರಿ ಮಾಡಿಕೊಟ್ಟಂತೆ.

ಕ್ಯಾಮೆರಾಕಣ್ಣು (#13)
ಎಲ್ಲರೂ ಮೀನನ್ನು ಅನುಮಾನಿಸಿದಿರಿ, ಫೋಟೋವನ್ನು ಯಾರೂ ಅನುಮಾನಿಸಲಿಲ್ಲ. ತೊರೆದಂಡೆಯವರ ಹಲಗೆ ಫೋಟೋದಲ್ಲಿ ಬಿಳಿ ಅಳತೆಪಟ್ಟಿಯೇ ಕಿತ್ತಳೆಯಾಗಿದೆ! ಸಂಜೆ ಬಿಸಿಲು. ಅಳತೆಪಟ್ಟಿಯ ಬಿಳಿಯನ್ನು ಆಧಾರವಾಗಿಟ್ಟು ವೈಟ್ ಬ್ಯಾಲೆನ್ಸ್ ಸರಿಮಾಡಿ ನೋಡಿದೆ. ತಾಮ್ರ ಹೋಗಿ ಕಂದು ಬೆರೆತ ಆಲಿವ್ ಹಸಿರು ಬಂತು. ಮಚ್ಚೆ ಉಳಿಯಿತು, ಬಾಲದ ಕೆಂಪು ಅರ್ಧ ಇಳಿಯಿತು.

ಬಣ್ಣದ ದಾಖಲೆಗೆ ತೆಗೆಯುವ ಫೋಟೋ ಹೀಗಿರಲಿ. ಮೀನು ಬಲೆಯಲ್ಲೇ, ನೀರಿನಲ್ಲೇ ಇರಲಿ. ನಿಮ್ಮ ಮೈಯ ನೆರಳು ಇಡೀ ಮೀನಿನ ಮೇಲೆ ಬೀಳಲಿ, ಅರ್ಧ ಬಿಸಿಲು ಅರ್ಧ ನೆರಳು ಬೇಡ. ಫ್ಲ್ಯಾಶ್ ಆರಿಸಿ, ಗ್ವಾನಿನ್ ಹರಳು ಅದನ್ನು ಕನ್ನಡಿಯಂತೆ ಎಸೆದು ಪಟ್ಟೆಯನ್ನೇ ಅಳಿಸಿಬಿಡುತ್ತದೆ. ಪಕ್ಕದಲ್ಲಿ ಬೂದು ಅಥವಾ ಬಿಳಿ ಪ್ಲಾಸ್ಟಿಕ್ ತುಂಡು ಇಡಿ. ಎರಡು ಕೋನದಿಂದ ತೆಗೆಯಿರಿ: ಒಂದರಲ್ಲಿ ಕಂಡ ಹೊಳಪು ಇನ್ನೊಂದರಲ್ಲಿ ಇಲ್ಲದಿದ್ದರೆ ಅದು ಬಣ್ಣವಲ್ಲ, ಪ್ರತಿಫಲನ. ವಾಟ್ಸಾಪ್‌ನಲ್ಲಿ ಬಂದ ಪ್ರತಿ ಬೇಡ, ಮೂಲ ಕಡತವೇ ಬೇಕು.

ನಿರ್ವಾಹಕ (#14)
ಇಷ್ಟೆಲ್ಲ ಪರೀಕ್ಷೆ ಎಂದು ಓದಿ ಮೀನನ್ನು ಹತ್ತು ನಿಮಿಷ ದೋಣಿಯಲ್ಲಿಟ್ಟುಕೊಳ್ಳಬೇಡಿ. ನೀರಿನಿಂದ ಹೊರಗೆ ಒಟ್ಟು 30 ಸೆಕೆಂಡು ಮೀರಬಾರದು. ಬಲೆ ದೊಡ್ಡದು, ರಬ್ಬರ್ ಲೇಪದ್ದು. ಉದ್ದ ಮೂತಿಯ ಇಕ್ಕಳ, ಗಾಳ ಕತ್ತರಿಸುವ ಬೋಲ್ಟ್ ಕಟರ್ ಕೈಗೆಟುಕುವಲ್ಲಿ ಇರಲಿ. ಮೊದಲು ಗಾಳ ಬಿಡಿಸಿ, ಮೀನು ಬಲೆಯಲ್ಲಿ ಉಸಿರಾಡಲಿ, ಆಮೇಲೆ ತಲೆ ಮಾತ್ರ ಎತ್ತಿ ದವಡೆಯ ಅಡಿ ಒಂದು ಫೋಟೋ, ಕೆನ್ನೆ ಒಂದು ಫೋಟೋ. ರಂಧ್ರ ಎಣಿಸುವುದು ಮನೆಗೆ ಹೋಗಿ. ನೀರು 80 ಡಿಗ್ರಿ ಫ್ಯಾರನ್‌ಹೀಟ್ (27 ಸೆಲ್ಸಿಯಸ್) ಮುಟ್ಟಿದರೆ ಮಸ್ಕಿಗೆ ಗಾಳ ಹಾಕುವುದನ್ನೇ ಬಿಡಿ, ಈಜಿಹೋದಂತೆ ಕಂಡರೂ ಆಮೇಲೆ ಸಾಯುತ್ತದೆ.

ಗಂಟು, ಹುಣ್ಣು, ಮೈತುಂಬ ರಕ್ತದ ಚುಕ್ಕೆ ಕಂಡರೆ ದಿನಾಂಕ, ಜಾಗ, ಉದ್ದ, ನೀರಿನ ಉಷ್ಣತೆ, ಫೋಟೋ ಸಮೇತ ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಮೀನು ಜೀವವಿಜ್ಞಾನಿಗೆ ಕಳಿಸಿ. ಆ ನೀರಿನಿಂದ ಜೀವಂತ ಎರೆಮೀನು, ದೋಣಿಯ ತಳದಲ್ಲಿ ನಿಂತ ನೀರು ಇನ್ನೊಂದು ಹೊಳೆಗೆ ಒಯ್ಯಬೇಡಿ.

ಧಾರವಾಡ_ಗಾಳ (#15)
ಬಣ್ಣಕ್ಕ ಬೆಲಿ ಇಲ್ಲ ಅಂತ ತಿಳ್ಕೋಬ್ಯಾಡ್ರಿ ಮತ್ತ. ನಮ್ಮ ಕಾವೇರಿಯೊಳಗ ಕಿತ್ತಳಿ ರೆಕ್ಕಿ ಮಹಶೀರ್ ಬ್ಯಾರೆ ಜಾತಿ, ನೀಲಿ ರೆಕ್ಕಿದು ಹೊರಗಿಂದ ತಂದು ಬಿಟ್ಟ ಜಾತಿ. ಅಲ್ಲಿ ರೆಕ್ಕಿ ಬಣ್ಣ ನಿಜವಾಗ್ಲೂ ಸುಳಿವು ಕೊಡತೈತಿ. ಮಸ್ಕಿಗೆ ಆ ಲೆಕ್ಕ ಹಚ್ಚಿದ್ರ ತಪ್ಪತೈತಿ, ಅಷ್ಟ.

ತೊರೆದಂಡೆ (#16)
ಬಲೆಯ ಎರಡನೇ ಫೋಟೋ ಹಿಗ್ಗಿಸಿ ನೋಡಿದೆ. ರಂಧ್ರ ಎಡಕ್ಕೆ 8, ಬಲಕ್ಕೆ 8. ಕೆನ್ನೆಯ ಕೆಳಗರ್ಧ ನುಣುಪು. ಎಡ ಹೊಟ್ಟೆರೆಕ್ಕೆ ಬಲದ್ದಕ್ಕಿಂತ ಗಿಡ್ಡ, ತುದಿ ಸೊಟ್ಟ.

ರಂಧ್ರಲೆಕ್ಕ (#17)
8 ಮತ್ತು 8, ನುಣುಪು ಕೆನ್ನೆ, ಚೂಪು ಬಾಲ: ಮಸ್ಕಿಯೇ. ಟೈಗರ್ ವಾದ ಇಲ್ಲಿಗೆ ಬಿಡೋಣ.

ಸೇಂಟ್‌ಲಾರೆನ್ಸ್_ದಡ (#18)
ರೆಕ್ಕೆ ಕತ್ತರಿಸಿ ಬಿಟ್ಟ ಮೀನಿರಬಹುದು, ಅಥವಾ ಅದೇ ಎಡಬದಿಯ ಗಾಯದಲ್ಲಿ ರೆಕ್ಕೆಯೂ ಹರಿದಿರಬಹುದು. ಯಾವ ವರ್ಷ ಯಾವ ರೆಕ್ಕೆ ಕತ್ತರಿಸಿದರು ಎಂಬ ಪಟ್ಟಿ ಇಲಾಖೆಯ ಬಳಿ ಇರುತ್ತದೆ. ಉದ್ದ, ದಿನಾಂಕ, ಎಡ ಹೊಟ್ಟೆರೆಕ್ಕೆ ಎಂದು ಬರೆದು ಕೇಳಿ.

ತೊರೆದಂಡೆ (#19)
ಇವತ್ತೇ ಬರೆಯುತ್ತೇನೆ. ಕ್ಯಾಮೆರಾಕಣ್ಣು ಅವರೇ, ಫೋಟೋ ಸರಿ, ಆದರೆ ಕಣ್ಣಾರೆ ಕಂಡಾಗಲೂ ತಾಮ್ರದಂತೆಯೇ ಇತ್ತಲ್ಲ?

ಕ್ಯಾಮೆರಾಕಣ್ಣು (#20)
ಪೋಲರಾಯ್ಡ್ ಕನ್ನಡಕ ಹಾಕಿದ್ದಿರೇ? ಗಾಜು ಯಾವ ಬಣ್ಣದ್ದು?

ತೊರೆದಂಡೆ (#21)
ತಾಮ್ರ.

ನಿರ್ವಾಹಕ (#22)
ತಲೆಬರಹ ಹಾಗೆಯೇ ಇರಲಿ. ತಾಮ್ರಬಣ್ಣ ಎಂದು ಹುಡುಕಿ ಬರುವವರಿಗೆ ಈ ಪುಟ ಸಿಗಬೇಕು. ಇಲಾಖೆಯಿಂದ ಉತ್ತರ ಬಂದರೆ ಇದರ ಕೆಳಗೇ ಹಾಕಿ, ಹೊಸ ಚರ್ಚೆ ತೆರೆಯಬೇಡಿ.